ಗ್ಯಾರೇಜಿನಲ್ಲಿ ಹಾಸಿದ ಹಾಸಿಗೆ

"ಮಗು ಹೋಯ್ತಂತೆ. ಯಾರಾದ್ರೂ ಕೇಳಿದ್ರೆ ಒಗ್ಗರಣೆ ಘಾಟು ಅನ್ನು. ಸಿಗರೇಟು ಅಂತ ಬಾಯಿ ಬಿಟ್ಯೋ, ಹಲ್ಲು ಉದುರಿಸ್ತೀನಿ ಮುಂಡೆ."

ಚಂದ್ರಶೇಖರ ಫೋನು ಕೆಳಗಿಟ್ಟು ಹೀಗೆಂದಾಗ ಸುಮಿತ್ರಮ್ಮ ಅವನ ಮಕ್ಕಳ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದಳು. ಕೈ ಇನ್ನೆರಡು ಸಲ ತಾನಾಗಿ ಆಡಿ ನಿಂತಿತು.

ಅಮೆರಿಕದ ಲಿನ್‌ವುಡ್‌ನ ಆ ಮನೆಗೆ ಅವಳು ಅಡುಗೆಯವಳಾಗಿ ಬಂದು ಎರಡು ವರ್ಷ. ತಾಯಿಯಿಲ್ಲದ ಮೊಮ್ಮಗಳು ಕವನಾಳನ್ನು ಶಾಲೆಗೆ ಹಾಕುತ್ತೇವೆಂದು ಇಬ್ಬರನ್ನೂ ಕರೆಸಿಕೊಂಡಿದ್ದರು. ಬಂದ ದಿನವೇ ಪಾಸ್‌ಪೋರ್ಟುಗಳು ಯಜಮಾನನ ಬೀರು ಸೇರಿದವು. ಮಲಗಲು ಗ್ಯಾರೇಜು. ಮನೆಯೊಳಗೆ ದೇವರಿದ್ದಾನೆ, ಸಿಗರೇಟು ಕೂಡದೆಂದು ಅವನ ಹೆಂಡತಿ ಸುಪ್ರಿಯಾ ಕಟ್ಟುಮಾಡಿದ್ದಳು, ಹೊರಗೆ ಮಳೆ. ಹಾಗಾಗಿ ಅವನು ಗ್ಯಾರೇಜಿನ ಬಾಗಿಲು ಮುಚ್ಚಿ, ಕಾರಿಗೊರಗಿ, ಆಫೀಸಿನ ಕಾಲ್ ಮುಗಿಯುವ ತನಕ ಸೇದುತ್ತಿದ್ದ. ನಾಲ್ಕು ಹೆಜ್ಜೆ ಆಚೆ ಏಳು ವರ್ಷದ ಮಗು ಉಬ್ಬಸದಲ್ಲಿ ದಿಂಬನ್ನು ಅವುಚಿಕೊಂಡು ಕೂತಿರುತ್ತಿತ್ತು. ಸುಮಿತ್ರಮ್ಮ ಒಮ್ಮೆ ಕೈಮುಗಿದು ಬೇಡಿಕೊಂಡಿದ್ದಳು. ಆಗದಿದ್ದರೆ ಊರಿಗೆ ಹೊರಡು ಎಂದಿದ್ದ.

ಆ ಬೆಳಿಗ್ಗೆ ಮಗುವಿನ ಉಗುರು ನೀಲಿಯಾದರೂ ಆಂಬುಲೆನ್ಸ್ ಕರೆಯಲು ಬಿಡಲಿಲ್ಲ; ಪೊಲೀಸರೂ ಬಂದು ಕಾಗದಪತ್ರ ಕೇಳುತ್ತಾರೆ ಎಂದ. ಅರ್ಧ ಗಂಟೆ ಕಳೆದ ಮೇಲೆ ಸುಪ್ರಿಯಾ ಕಾರಿನಲ್ಲಿ ಒಯ್ದಳು. ಅಜ್ಜಿಯನ್ನು ಹತ್ತಿಸಿಕೊಳ್ಳಲಿಲ್ಲ.

ಐದನೆಯ ದಿನ ಮನೆಯಲ್ಲಿ ಶಾಂತಿಹೋಮ. ಮಾರನೆಯ ದಿನ ಮಗುವಿನ ಸಾವಿನ ವಿಚಾರಣೆಗೆ ಸರ್ಕಾರದವರು ಬರುವವರಿದ್ದರು. ಹೋಮದ ಹೊಗೆಗೆ ಚಾವಣಿಯ ಅಲಾರಂ ಕೂಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಸುಮಿತ್ರಮ್ಮನಿಗೆ ಸೂತಕವೆಂದು ಅಡುಗೆಯನ್ನು ಹೊರಗಿನಿಂದ ತರಿಸಿದರು. ಪಾತ್ರೆ ತೊಳೆಯಲು ಸೂತಕ ಅಡ್ಡಿಯಾಗಲಿಲ್ಲ. ಕೂಸಿನ ಹೆಸರನ್ನೂ ಒಂದು ಸಲ ಹೇಳಿ ಎಂದು ಅವಳು ಬಾಗಿಲಾಚೆಯಿಂದ ಕೇಳಿದಳು.

"ಇದು ಮನೆಯೋರ ಹೋಮ ಕಣಮ್ಮ," ಎಂದರು ಪುರೋಹಿತರು, ತುಪ್ಪ ಹಾಕುತ್ತಲೇ. "ಕೆಲಸದೋರ ಹೆಸರು ಇದ್ರಲ್ಲಿ ಬರಲ್ಲ."

"ಒಳಗ್ ಹೋಗೇ," ಎಂದ ಚಂದ್ರಶೇಖರ.

ಅವಳು ಒಳಗೆ ಹೋದಳು. ಮುಸುರೆ ನೀರಿನ ಪಾತ್ರೆ ಎತ್ತಿಕೊಂಡು ಬಂದು ಹೋಮಕುಂಡಕ್ಕೆ ಸುರಿದಳು. ಬೂದಿ ಎದ್ದು ಎಲ್ಲರ ರೇಷ್ಮೆಯ ಮೇಲೆ ಕೂತಿತು.

"ಇವ್ನು ಬಾಗ್ಲು ಮುಚ್ಕಂಡು ಸೇದಿ ಸೇದಿ ನನ್ ಕೂಸ ಕೊಂದ. ಬಂದಿರೋರೆಲ್ಲ ಕೇಳ್ಕಳಿ. ನಾಳೀಕ್ ಬರೋರ್‌ಗೂ ಇದ್ನೇ ಯೋಳ್ತೀನಿ."

ಅಂಗಳಕ್ಕೆ ನಡೆದು ಬರಿಗಾಲಲ್ಲಿ ನಿಂತಳು. ಹಿಂದೆ ಬಾಗಿಲಿಗೆ ಚಿಲಕ ಬಿತ್ತು. ಮಳೆಯಲ್ಲಿ ಕೈಜೋಡಿಸಿ, ಊರು ಎತ್ತ ದಿಕ್ಕಿಗಿದೆಯೆಂದು ತಿಳಿಯದೆ ಆಕಾಶಕ್ಕೇ ಹೇಳಿದಳು:

"ಮಾದಪ್ಪ, ನನ್ ಕೂಸು ಬತ್ತಾ ಅದೆ. ಹೆಸ್ರು ಕವನಾ. ಒಬ್ಳೇ ಬತ್ತಾ ಅವ್ಳೆ, ಗುರುತು ಹಿಡ್ಕೋ. ನಿನ್ ಪಾದದ ತಾವು ಮಲುಗಿಸ್ಕೊ, ನನ್ನಪ್ಪ."