ಕಲಿಸಿದ ಖರ್ಚು

"ಸೂಜಿ ಹಿಡಿಯೋಕೂ ಬರ್ತಿರಲಿಲ್ಲ ನಿನಗೆ. ಎಲ್ಲಾ ಇಲ್ಲೇ ಕಲಿತು, ಈಗ ರೆಕ್ಕೆ ಬಂತು ಅಂತ ಹಾರ್ತೀಯೇನೇ ಮುಂಡೇದೆ?"

ನಮ್ಮ ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರ ಮಾತು ಬಾಗಿಲಾಚೆಗೂ ಕೇಳುತ್ತಿತ್ತು. ಹೊರಗೆ ನಾನು ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದೆ.

ಬೈಸಿಕೊಳ್ಳುತ್ತಿದ್ದವಳು ನಮ್ಮ ಚಿಕ್ಕ ನರ್ಸು. ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ನರ್ಸಿಂಗ್ ಓದಿದ ಅಸಲು ಸರ್ಟಿಫಿಕೇಟು ತೋರಿಸದಿದ್ದರೆ ಅದು ಇನ್ನೊಬ್ಬರ ಪಾಲು. ಸರ್ಟಿಫಿಕೇಟು ಇದ್ದದ್ದು ಡಾಕ್ಟರ ಮೇಜಿನ ಖಾನೆಯಲ್ಲಿ. ಕೆಲಸಕ್ಕೆ ಸೇರುವ ದಿನವೇ ಅದನ್ನು ಇಸಿದುಕೊಂಡು ಬಾಂಡ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮೂರು ವರ್ಷ ಬಿಟ್ಟುಹೋಗುವಂತಿಲ್ಲ. ಹೋದರೆ ತರಬೇತಿಯ ಖರ್ಚು ಎರಡು ಲಕ್ಷ ಕಟ್ಟಬೇಕು.

ತರಬೇತಿಯ ಕೋಣೆ ಗುಡಿಸುವವಳು ನಾನೇ. ಅಲ್ಲಿ ಮುರಿದ ಗಾಲಿಕುರ್ಚಿಗಳು, ಖಾಲಿ ಡಬ್ಬಗಳು. ವರ್ಷಕ್ಕೊಮ್ಮೆ ಅವನ್ನು ಹೊರಗೆಳೆದು, ಹುಡುಗಿಯರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಸುತ್ತಿದ್ದರು. ಕಳೆದ ಸಲ ಪಾಠ ಹೇಳುವವರಂತೆ ನಿಲ್ಲಲು ಯಾರೂ ಸಿಗಲಿಲ್ಲ. "ಆಯಾ, ನೀನೇ ನಿಂತ್ಕೊ, ಮುಖದಲ್ಲಿ ಒಂದು ಕಳೆ ಇದೆ" ಎಂದು ಮ್ಯಾನೇಜರು ನನಗೆ ಬಿಳಿ ಕೋಟು ತೊಡಿಸಿ ಬೋರ್ಡಿನ ಪಕ್ಕ ನಿಲ್ಲಿಸಿದ.

"ದೊಡ್ಡಮ್ಮ, ನಮ್ಮನ್ನ ಫೇಲ್ ಮಾಡ್ಬೇಡ ಕಣೇ" ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೂ ಒಳಗೊಳಗೇ ಹಿಗ್ಗು. ಒಂದು ಪ್ರತಿ ಬೇಡಿ ತಂದು ಮನೆಯ ಗೋಡೆಗೆ ತೂಗುಹಾಕಿದ್ದೆ. ಮೊಮ್ಮಗಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

"ಆಯಾ, ಒಳಗೆ ಬಾ" ಎಂದು ಡಾಕ್ಟರು ಕೂಗಿದರು.

ಒಳಗೆ ವಕೀಲರೊಬ್ಬರು ಕೂತಿದ್ದರು. ಮೇಜಿನ ಮೇಲೆ ಅದೇ ಫೋಟೋ. ಚಿಕ್ಕ ನರ್ಸು ಗೋಡೆಗೆ ಆತು ನಿಂತಿದ್ದಳು.

"ನೋಡಿ ಡಾಕ್ಟ್ರೇ," ವಕೀಲರು ಹೇಳುತ್ತಿದ್ದರು, "ಬಾಂಡ್ ಇದೆ ಅಂದ ಮಾತ್ರಕ್ಕೆ ದುಡ್ಡು ವಸೂಲಾಗಲ್ಲ. ನಿಜವಾಗ್ಲೂ ಏನು ಕಲಿಸಿದ್ರಿ, ಎಷ್ಟು ಖರ್ಚಾಯ್ತು ಅಂತ ಕೋರ್ಟಲ್ಲಿ ಕೇಳ್ತಾರೆ. ಕಲಿಸಿದೋರು ಯಾರಾದ್ರೂ ಹೇಳ್ಬೇಕು."

"ಇವಳೇ ಕಲಿಸಿದ್ದು" ಎಂದರು ಡಾಕ್ಟರು.

ವಕೀಲರು ಫೋಟೋ ನೋಡಿದರು. ನನ್ನ ಒದ್ದೆ ಸೆರಗು ನೋಡಿದರು. ಪೆನ್ನಿನ ಮುಚ್ಚಳ ತೆಗೆದು ಹೇಳಿಕೆಯ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು.

"ಹಾಕು ಸಹಿ," ಡಾಕ್ಟರು ಅಂದರು. "ಇಷ್ಟು ವರ್ಷ ನನ್ನ ಅನ್ನ ತಿಂದಿದ್ದೀಯ."

"ಹಾಕ್ಬಿಡು ದೊಡ್ಡಮ್ಮ," ಚಿಕ್ಕ ನರ್ಸು ನನ್ನ ಮುಖ ನೋಡದೆ ಹೇಳಿದಳು. "ನನ್ನಿಂದ ನಿನ್ನ ಕೆಲಸ ಹೋಗೋದು ಬೇಡ."

ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಕೈಯ ತೇವವನ್ನು ಸೆರಗಿಗೆ ಒರೆಸಿಕೊಂಡೆ.

"ಹೌದು. ನಾನೇ ಕಲಿಸಿದ್ದು."

ಡಾಕ್ಟರು ಕುರ್ಚಿಗೆ ಒರಗಿದರು. ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಬರ್ಕೊಳ್ಳಿ ಸಾರ್. ಬಂದ ಹೊಸದ್ರಲ್ಲಿ ತರಬೇತಿ ಅಂತ ಇವಳನ್ನ ನನ್ನ ಜೊತೆ ಹಾಕಿದ್ರು, ಸಂಬಳ ಇಲ್ದೆ. ಕಕ್ಕಸು ತಿಕ್ಕೋದು ಕಲಿಸ್ದೆ. ವಾಂತಿ ಬಳಿಯೋದು ಕಲಿಸ್ದೆ. ಹೆಣ ಒರೆಸುವಾಗ ಉಸಿರು ಹೆಂಗೆ ಬಿಗಿ ಹಿಡೀಬೇಕು ಅಂತ ಕಲಿಸ್ದೆ. ಸೂಜಿ ಚುಚ್ಚೋದು ಅವಳು ಓದಿ ಬಂದಿದ್ಲು. ಎರಡು ಲಕ್ಷ ಯಾರಿಗಾದ್ರೂ ಬರೋದಿದ್ರೆ ನನಗೆ ಬರ್ಬೇಕು. ನನಗೆ ಬೇಡ. ಅವಳ ಸರ್ಟಿಫಿಕೇಟು ಕೊಟ್ಬಿಡಿ."

"ಬಾಯ್ಮುಚ್ಚೇ ಲೌಡಿ. ಕಸ ಬಳಿಯೋಳು ನನಗೆ ನ್ಯಾಯ ಹೇಳ್ತೀಯಾ? ನಡಿ ಆಚೆಗೆ, ನಾಳೆಯಿಂದ ಬರ್ಬೇಡ."

"ನಾಳೆ ಬರಲ್ಲ. ಇವತ್ತು ಹೋಗಲ್ಲ."

ವಕೀಲರು ಪೆನ್ನು ಮುಚ್ಚಿ ಕಿಟಕಿಯಾಚೆ ನೋಡತೊಡಗಿದರು. ರೋಗಿಗಳಿಗೆಂದು ಇಟ್ಟಿದ್ದ ಕುರ್ಚಿಯನ್ನು ನಾನು ಎಳೆದುಕೊಂಡು ಕೂತೆ. ಪಕ್ಕದ್ದನ್ನು ತಟ್ಟಿದೆ.

"ಕೂತ್ಕೊ ಮಗಾ."

ಅವಳು ಕೂತಳು. ಅಷ್ಟರಲ್ಲಿ ವಾರ್ಡಿನಿಂದ ಯಾರೋ ರೋಗಿ ಗಂಟೆ ಒತ್ತಿದರು. ಆ ಹೊತ್ತಿಗೆ ವಾರ್ಡಿಗಿದ್ದ ನರ್ಸು ಅವಳೊಬ್ಬಳೇ; ಥಟ್ಟನೆ ಏಳಹೋದಳು. ಅವಳ ಮಣಿಕಟ್ಟು ಹಿಡಿದೆ. ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು. ಗಂಟೆ ಮತ್ತೆ ಹೊಡೆಯಿತು. ಡಾಕ್ಟರು ನಮ್ಮನ್ನು ನೋಡಿದರು, ನಾವು ಸರ್ಟಿಫಿಕೇಟಿದ್ದ ಖಾನೆಯನ್ನು ನೋಡಿದೆವು. ಗಂಟೆ ನಿಲ್ಲಲಿಲ್ಲ.