ಎರಡು ಕಿತ್ತಳೆ, ಒಂದು ಸದ್ದು

ಕಿತ್ತಳೆ ಸಿಪ್ಪೆಯ ವಾಸನೆ ಇನ್ನೂ ಬೆರಳಲ್ಲೇ ಇದೆ, ಕಾಲೇಜಿನ ನಲ್ಲಿಯಡಿ ಎರಡು ಸಲ ತೊಳೆದರೂ ಹೋಗಿಲ್ಲ, ಉತ್ತರಪತ್ರಿಕೆಗೂ ಹತ್ತಿರಬಹುದು, ತಿದ್ದುವವರು ಮೂಸಿ ನೋಡಿ ಯಾರಿದು ತಿಂಡಿಪೋತಿ ಅಂದಾರು — ಯಮುನಳಿಗೆ ನಗು ಬಂತು, ನಗುವ ಹೊತ್ತೇ ಇದು, ಮಡಿಕೇರಿಯ ಈ ಪರೀಕ್ಷಾ ಹಾಲಿನ ಗಡಿಯಾರದಲ್ಲಿ ಒಂದು ಗಂಟೆಗೆ ಇನ್ನು ಹತ್ತೇ ನಿಮಿಷ, ಹೋದ ವರ್ಷ ಇಂಟರ್‌ಮೀಡಿಯಟ್‌ನಲ್ಲಿ ಫಿಸಿಕ್ಸ್ ಒಂದರಲ್ಲೇ ಡುಮ್ಕಿ ಹೊಡೆದವಳು, ಅಪ್ಪ ಬೋಜಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ, ಈ ಸರ್ತಿನೂ ಆಗದಿದ್ದರೆ ಸಾಕ್ ಕೂಸೆ, ಇನ್ನ್ ಬೊಕ್ಕ ಮನೇಲೇ ಇರ್, ಮನೆಯಲ್ಲಿರುವುದೆಂದರೆ ಏನೆಂದು ಅವಳಿಗೆ ಗೊತ್ತು, ಈ ಒಂದು ವರ್ಷ ಇದ್ದು ನೋಡಿದ್ದಾಳೆ, ಕೊಡಗೇ ಒಂದು ರಾಜ್ಯವಾಗಿ ತನ್ನ ಪಾಡಿಗೆ ತಾನು ನಡೆಯುತ್ತಿರುವಾಗ ತಾನೊಬ್ಬಳು ಚೆಟ್ಟಳ್ಳಿಯ ಜಗಲಿಯಲ್ಲಿ ಕಾಫಿಬೀಜ ಹೆಕ್ಕುತ್ತ — ಬೇಡ, ಪ್ರಶ್ನೆ ನೋಡು, ಕೊನೆಯ ಪ್ರಶ್ನೆ, ಇದೊಂದು ಬಂದರೆ ದಡ, ಅರವತ್ತನಾಲ್ಕು ಅಡಿ ಎತ್ತರದ ಗೋಪುರದ ತುದಿಯಿಂದ ಸೆಕೆಂಡಿಗೆ ನಲವತ್ತು ಅಡಿ ವೇಗದಲ್ಲಿ ಒಂದು ಚೆಂಡನ್ನು ಅಡ್ಡಕ್ಕೆ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು, ಎಷ್ಟು ದೂರ, ಅದಾಯಿತು, ಸೂತ್ರ ಹಾಕಿದಳು, ಎರಡು ಸೆಕೆಂಡು, ಎಂಬತ್ತು ಅಡಿ, ಆದರೆ ಅದರ ಕೆಳಗೊಂದು ಬಾಲ, ಅದೇ ಚೆಂಡನ್ನು ಎರಡರಷ್ಟು ವೇಗದಲ್ಲಿ ಎಸೆದರೆ ಎಷ್ಟು ಹೊತ್ತು, ಕೈ ತನ್ನಷ್ಟಕ್ಕೆ ನಾಲ್ಕು ಸೆಕೆಂಡು ಅಂತ ಬರೆದೇಬಿಟ್ಟಿತು, ಹೋದ ವರ್ಷವೂ ಇಂಥದ್ದೇ ಬರೆದಿದ್ದಳು, ಜೋರಾಗಿ ಎಸೆದದ್ದು ಹೆಚ್ಚು ಹೊತ್ತು ಮೇಲಿರುತ್ತದೆ ಅಂತ ಯಾರು ಹೇಳಿದ್ದಮ್ಮ ನಿಮಗೆ ಎಂದು ಮೇಷ್ಟ್ರು ಆಮೇಲೆ ತಲೆ ಚಚ್ಚಿಕೊಂಡಿದ್ದರು. ಯಾರೂ ಹೇಳಿರಲಿಲ್ಲ.

ನಾಲ್ಕು. ಶಾಯಿ ಇನ್ನೂ ಆರಿಲ್ಲ. ಬೆರಳು ಮೂಗಿನ ಹತ್ತಿರ ಬಂತು, ಮತ್ತೆ ಆ ವಾಸನೆ, ತೋಟದ ಮೇಲುಬದಿಯ ಕಿತ್ತಳೆ ಮರ, ಜನವರಿಯ ಬಿಸಿಲು, ಬಿದಿರ ಏಣಿಯ ತುದಿಯಲ್ಲಿ ಜವರಿ, ಕಾಫಿ ಪಿಕ್ಕಿಂಗಿಗೆಂದು ಹುಣಸೂರು ಕಡೆಯಿಂದ ಬಂದು ತೋಟದಾಳುಗಳ ಲೈನ್‌ಮನೆಯಲ್ಲಿ ಉಳಿದವಳು, ಯಾವ ಶಾಲೆಯ ಮೆಟ್ಟಿಲೂ ಹತ್ತದವಳು, ಮರ ಮಾತ್ರ ಅಳಿಲಿನ ಹಾಗೆ ಹತ್ತುತ್ತಾಳೆ, ಒಳ್ಳೆಯ ಹಣ್ಣಾದರೆ ಬಲಗೈಯಿಂದ ನೇರ ಕೆಳಕ್ಕೆ, ಹುಲ್ಲಿನ ಮೇಲೆ ಹಾಸಿದ ಗೋಣಿಗೆ, ಹುಳ ಕಚ್ಚಿದ್ದಾದರೆ ಎಡಗೈಯಿಂದ ಅಡ್ಡಕ್ಕೆ, ಬೇಲಿಯ ಹತ್ತಿರಕ್ಕೆ, ಎರಡು ಕೈಗೂ ಒಟ್ಟಿಗೇ ಕೆಲಸ, ಕೆಳಗೆ ಹಣ್ಣು ಆರಿಸುತ್ತಿದ್ದ ಯಮುನಳ ಕಣ್ಣಿಗೆ ಕಸ ಬಿದ್ದು ಕಣ್ಣು ಮುಚ್ಚಿದಾಗ ಕೇಳಿಸಿತು — ತಪ್ — ಒಂದೇ ಸದ್ದು, ಕಣ್ಣು ಬಿಟ್ಟರೆ ಒಂದು ಹಣ್ಣು ಕಾಲ ಬಳಿ, ಇನ್ನೊಂದು ಅಷ್ಟು ದೂರ ಬೇಲಿಯ ಬುಡದಲ್ಲಿ ಉರುಳುತ್ತಿದೆ, ಜವರಿ, ಇನ್ನೊಮ್ಮೆ ಹಾಗೇ ಬಿಡು, ಇನ್ನೂ ಜೋರಾಗಿ ಎಸಿ, ಅಯ್ಯೋ ಅವ್ವಾ ನಿಮಗೇನ್ ಬಂತು, ಎಂದು ನಗುತ್ತಲೇ ಬಿಟ್ಟಳು, ತಪ್, ಬೇಲಿಯಾಚೆ ಹೋಗಿ ಬಿತ್ತು, ಆಗಲೂ ಒಂದೇ ಸದ್ದು, ಅದು ಹೇಗೆ ಜವರಿ, ಹೆಂಗೆ ಅಂದ್ರೆ, ಹೋಗಾದೇ ಬ್ಯಾರೆ ಕ್ಯಾಮೆ, ಬೀಳಾದೇ ಬ್ಯಾರೆ ಕ್ಯಾಮೆ ಕನವ್ವ, ಎಷ್ಟ್ ದೂರ ಹೋದ್ರೂ ಬೀಳಾದ ಮರೆತದಾ — ಅಷ್ಟರಲ್ಲಿ ಅಪ್ಪ ಬಂದಿದ್ದರು, ಎಂತ ಕೂಸೆ ಇದ್, ಹಣ್ಣ್ ಹಾಳ್ ಮಾಡ್ದಾ, ಬೈಯಲೆಂದೇ ಬಂದವರು ಮಗಳ ಮುಖ ನೋಡಿ ಟೋಪಿ ತೆಗೆದರು, ಕಣ್ಣು ಮುಚ್ಚಿ ನಿಂತರು, ಜವರಿಯೂ ಗಂಭೀರವಾಗಿ ಬಿಟ್ಟಳು, ತಪ್, ಅಪ್ಪ ಒಂದು ಕಣ್ಣು ಮಾತ್ರ ಬಿಟ್ಟು, ಒಂದೇ ಸದ್ದಲ್ಲಾ ಕೂಸೆ, ಇನ್ನೊಂದ್ ಸಲ ಬಿಡ್ ಜವರಿ ಅಂದರು, ಮಗಳು ಫೇಲಾದ ಮೇಲೆ ಅವರ ಮುಖದಲ್ಲಿ ಅಂಥ ನಗು ಅವಳು ಕಂಡಿರಲಿಲ್ಲ, ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ ಮಗಳ ಪಾಠಕ್ಕೆ ಅರ್ಧ ಬುಟ್ಟಿ ಹಣ್ಣು ಬೀಳಿಸಿದರು, ದೇವರೇ, ಎಂಥ ಅಪ್ಪ, ನಾನು ಪುಣ್ಯ ಮಾಡಿದ್ದೆ. ಆ ಹಣ್ಣುಗಳನ್ನು ಮನೆಯವರೆಲ್ಲ ಸೇರಿ ಎರಡು ದಿನ ತಿಂದರು.

ನಾಲ್ಕಕ್ಕೆ ಅಡ್ಡಗೆರೆ ಎಳೆದಳು, ಎರಡು ಸೆಕೆಂಡು, ಹಿಂದಿನಷ್ಟೇ, ಬೀಳುವುದಕ್ಕೂ ಎಸೆದ ವೇಗಕ್ಕೂ ಸಂಬಂಧವಿಲ್ಲ, ದೂರ ಮಾತ್ರ ನೂರ ಅರವತ್ತು ಅಡಿ, ಕಾರಣವನ್ನೂ ಎರಡು ಸಾಲು ಬರೆದಳು, ಪುಸ್ತಕದ ಇಂಗ್ಲಿಷಿನಲ್ಲಿ, ಆದರೆ ಕೈ ಬರೆದದ್ದು ಜವರಿಯ ಮಾತು, ಹೋಗುವುದೇ ಬೇರೆ ಕೆಲಸ, ಬೀಳುವುದೇ ಬೇರೆ ಕೆಲಸ, ಅವಳ ಹೆಸರು ಹಾಕಲು ಜಾಗವಿದ್ದಿದ್ದರೆ ಹಾಕುತ್ತಿದ್ದಳು, ಅಲ್ಲ, ಬೆಳಿಗ್ಗೆಯೇ ಅವಳಿಗೆ ಹೇಳಬಹುದಿತ್ತಲ್ಲ, ಬಸ್ಸು ಕಾಯುವಾಗ ಎದುರಿಗೇ ಲಾರಿ ನಿಂತಿತ್ತು, ಪಿಕ್ಕಿಂಗ್ ಮುಗಿಸಿ ಊರಿಗೆ ಹೊರಟವರ ಲಾರಿ, ಗಂಟುಮೂಟೆಯ ಮೇಲೆ ಜವರಿ, ಬಗ್ಗಿ ಎರಡು ಕಿತ್ತಳೆ ಕೈಗಿಟ್ಟಳು, ಕೊನೇ ಹಣ್ಣು ಕನವ್ವ, ಚೆಂದಾಗಿ ಬರೀರಿ, ಬರುವ ವರ್ಷ ಬರ್ತೀಯಾ ಜವರಿ, ಏನೋ ಕನವ್ವ, ಬ್ಯಾರೆ ತ್ವಾಟಕ್ಕೆ ಕರೀತಾವ್ರೆ, ಬಸ್ಸು ಬಂತು, ಲಾರಿಯೂ ಹೊರಟಿತು, ಎರಡೂ ಒಟ್ಟಿಗೇ, ಅದು ಆ ಕಡೆಗೆ ಇದು ಈ ಕಡೆಗೆ, ನಿನ್ನಿಂದ ಕಲಿತೆ ಅನ್ನಲು ಎಷ್ಟು ಹೊತ್ತು ಬೇಕು, ಎರಡು ಸೆಕೆಂಡು, ಅಷ್ಟೇ — ಬರವಣಿಗೆ ನಿಲ್ಲಿಸಿ, ಎನ್ನುತ್ತಿದ್ದಾರೆ ಯಾರೋ, ಪೇಪರ್ ಬೆರಳ ಕೆಳಗಿಂದ ಸರಿಯುತ್ತಿದೆ, ಚೀಲದಲ್ಲಿ ಒಂದು ಹಣ್ಣು ಉಳಿದಿದೆ, ಕಣ್ಣು ಮುಚ್ಚಿದರೆ ಏಣಿಯ ತುದಿ, ಬಿಸಿಲು, ಎರಡು ಕೈಗಳು ಒಟ್ಟಿಗೇ ಬಿಚ್ಚುತ್ತವೆ, ಒಂದು ಕಾಲ ಬಳಿಗೆ, ಒಂದು ಬೇಲಿಯಾಚೆಗೆ —

ತಪ್.