ನಮ್ಮ ಮನೆಯ ಉಪ್ಪು

ಚಕ್ರಪಾಣಿ ಮೂರನೇ ಸಲ ತೆನಾಲಿಗೆ ಬಂದಾಗಲೂ ನಮ್ಮ ಮನೆಯ ನೀರನ್ನು ಕೂಡ ಮುಟ್ಟಲಿಲ್ಲ. ನನಗೆ ಮೈ ಉರಿದುಹೋಯಿತು.

ಕಿಡ್ನಿ ಕೆಟ್ಟವರಿಗೆಂದು ನಾನು ಕಟ್ಟಿದ ಡಯಾಲಿಸಿಸ್ ಕೇಂದ್ರದ ಯಂತ್ರಗಳು ಹಳೆಯವಾಗಿದ್ದವು. ಹೈದರಾಬಾದಿನ ಕಂಪನಿಯೊಂದು ಅರ್ಧ ಪಾಲು ತೆಗೆದುಕೊಂಡರೆ ಉಳಿವು, ಇಲ್ಲದಿದ್ದರೆ ಯುಗಾದಿಯೊಳಗೆ ಬಾಗಿಲು ಹಾಕಬೇಕು. ನೋಡಿ ತೀರ್ಮಾನಿಸಲು ಅವರು ಕಳಿಸಿದವನೇ ಈ ಚಕ್ರಪಾಣಿ. ಹೌದೆನ್ನಲೊಲ್ಲ, ಇಲ್ಲವೆನ್ನಲೊಲ್ಲ. "ನೋಡೋಣ ಮೇಡಂ", ಅದೊಂದೇ ರಾಗ. ಕೇಳುವುದೂ ವಿಚಿತ್ರ: ಕರೆಂಟು ಹೋದರೆ ರೋಗಿಯ ಪಕ್ಕ ಯಾರಿರುತ್ತಾರೆ? ಸೂಜಿ ಚುಚ್ಚುವ ಹುಡುಗಿ ಸಿಡುಕುತ್ತಾಳಾ?

"ಯಾರೋ ನಮಗಾಗದವ್ರು ಬಿಟ್ಟ ಗೂಢಚಾರ ಕಣೇ ಸುಭಾಷಿಣಿ," ಅಂದಳು ಕಾಮೇಶ್ವರಿ ಅತ್ತಿಗೆ, ಅಡುಗೆಮನೆಯಲ್ಲಿ. "ನಮ್ಮುಪ್ಪು ತಿಂದ್ಮೇಲೆ ಮೋಸ ಮಾಡೋಕೆ ಮನಸ್ಸು ಬರಲ್ಲ ನೋಡು, ಅದಕ್ಕೇ ಮುಟ್ಟಲ್ಲ. ಈ ಸೆಕೇಲಿ ತುಂಬುತೋಳಿನ ಅಂಗಿ ಬೇರೆ, ಮದುಮಗನ ಥರ!"

ನನಗೂ ಹಾಗೇ ಅನ್ನಿಸಿತ್ತು. ಎಲೆ ಹಾಕಿ, ಅನ್ನ, ತೊವ್ವೆ, ಗೋಂಗೂರ ಸೊಪ್ಪಿನ ಉಪ್ಪಿನಕಾಯಿ ಬಡಿಸಿದೆ.

"ಚಕ್ರಪಾಣಿಗಾರೂ, ಉಂಡ್ರೆ ಮಾತು ಮುಂದಕ್ಕೆ. ಇಲ್ಲಾಂದ್ರೆ ಬಸ್ ಸ್ಟ್ಯಾಂಡ್ ಅಲ್ಲೇ ಇದೆ."

ಆತ ಎಲೆಯನ್ನೇ ನೋಡಿದ. ಆಮೇಲೆ ಅಂಗಿಯ ಎರಡೂ ತೋಳು ಮಡಿಸಿ, ಗೋಂಗೂರ ಕಲಸಿ ತುತ್ತಿನ ಮೇಲೆ ತುತ್ತು ನುಂಗತೊಡಗಿದ. ಅತ್ತಿಗೆ ನನ್ನ ಕಡೆ ನೋಡಿ ಗೆದ್ದಂತೆ ನಕ್ಕಳು. ನನ್ನ ಕಣ್ಣು ಆತನ ಎಡಗೈಗೆ ಹೋಯಿತು. ನರ ಹಗ್ಗದಂತೆ ಉಬ್ಬಿತ್ತು, ಮೇಲೆಲ್ಲ ಸೂಜಿಯ ಕಲೆ. ದಿನಾ ಅಂಥ ಕೈಗಳನ್ನೇ ಹಿಡಿಯುವವಳು ನಾನು! ಎಲೆಯನ್ನು ಎಳೆದುಬಿಟ್ಟೆ.

"ತಲೆ ಕೆಟ್ಟಿದೆಯೇನ್ರೀ? ಆ ಉಪ್ಪು, ಆ ಸೊಪ್ಪು ಎರಡೂ ವಿಷ ನಿಮಗೆ! ನೀರು ಕೂಡ ಮುಟ್ಟದ್ದು ಇದಕ್ಕೇನಾ? ಡಯಾಲಿಸಿಸ್ ಯಾವಾಗಾಯ್ತು?"

"ತಿರುಗಾಟದಲ್ಲಿ ಈ ವಾರ ತಪ್ಪಿಹೋಯ್ತು." ಆತ ತಲೆ ತಗ್ಗಿಸಿದ. "ಕಂಪನೀಲಿ ಯಾರಿಗೂ ಹೇಳಿಲ್ಲ. ನಮ್ಮಕ್ಕ ಇರೋದು ಇದೇ ಊರಲ್ಲಿ, ಇಲ್ಲಿಗೇ ಬಂದ್ಬಿಡೋಣ ಅಂತಿದ್ದೀನಿ. ನಿಮ್ಮ ಕೇಂದ್ರ ಹಿಡಿಸಿದ್ದು ಕಂಪನಿಗೋಸ್ಕರಾನೋ, ನನ್ನ ಜೀವಕ್ಕೋಸ್ಕರಾನೋ, ನನಗೇ ತಿಳೀತಿಲ್ಲ. ಹೆಂಗೆ ಹೌದು ಅನ್ಲಿ?"

ಆಗಲೂ ನನ್ನ ಹಾಳು ಮನಸ್ಸು, ಇದೂ ನಾಟಕವೇ ಏನೋ ಎಂದಿತು. ಉಬ್ಬಿದ ನರದ ಮೇಲೆ ಬೆರಳಿಟ್ಟೆ. ಚರ್ಮದಡಿ ರಕ್ತ ಗುಂಯ್ಗುಟ್ಟುತ್ತಿತ್ತು, ಡಯಾಲಿಸಿಸ್‌ಗೆಂದು ಕೂಡಿಸಿ ಹೊಲಿದ ನರದಲ್ಲಿ ಮಾತ್ರ ಗುಟ್ಟುವ ಹಾಗೆ. ನಾಚಿಕೆಯಿಂದ ಸತ್ತುಹೋದೆ.

"ಏಳಿ, ಕೇಂದ್ರಕ್ಕೆ ಹೋಗೋಣ."

"ಅಲ್ಲಿ ಮಲಗಿದ್ರೆ ನಾನೂ ನಿಮ್ಮ ರೋಗಿ ಅಂತ ಕಂಪನಿಗೆ ಹೇಳ್ಲೇಬೇಕಾಗುತ್ತೆ. ಬೇರೆಯವ್ರನ್ನ ಕಳಿಸ್ತಾರೆ, ಅವ್ರು ಹಳೇ ಯಂತ್ರ ನೋಡಿ ಬೇಡ ಅಂತಾರೆ. ಈಗ್ಲೇ ಹೌದು ಅಂದ್ಬಿಡ್ತೀನಿ ಮೇಡಂ. ಸಂಜೆಗೆ ಸಹಿ ಮುಗಿಸಿ, ಆಮೇಲೆ ಮಲಗ್ತೀನಿ."

ಎಷ್ಟು ದಿನದಿಂದ ಕಾದಿದ್ದ ಮಾತು! ದೇವರೇ, ಎಷ್ಟು ಆಸೆಯಾಯಿತು. ಆದರೆ ಡಯಾಲಿಸಿಸ್ ತಪ್ಪಿದ ಮೈಗೆ ಆ ಸೊಪ್ಪೂ ಸೇರಿದ ಮೇಲೆ, ಸಂಜೆಯವರೆಗೆ ಆ ಎದೆ ತಡೆಯುತ್ತದೆಂದು ಯಾರು ಹೇಳಬೇಕು?

"ಬಾಯ್ಮುಚ್ಕೊಂಡು ಚಪ್ಪಲಿ ಹಾಕ್ಕೊಳ್ಳಿ," ಅಂದೆ. "ಯುಗಾದಿಗೆ ಮುಚ್ಚಿದ್ರೆ ಮುಚ್ಚಲಿ. ಇವತ್ತಿನ್ನೂ ತೆಗೆದಿದೆ."